ಮೋಟಾರಿನ ಕೀಲಿ

ನಮ್ಮ ಕಡೆ ಕೀಲಿ ಎಂದರೆ ಬೀಗ. ಅದನ್ನು ತೆಗೆಯುವುದು ಕೀಲಿಕೈ, ಇಲ್ಲವೆ ಚಾವಿ. ಬೆಂಗಳೂರು ಕಡೆಯಿಂದ ವರ್ಗವಾಗಿ ಬಂದ ಟೀಚರೊಬ್ಬರು ಸಾಲೆಯ ಸಿಪಾಯಿಗೆ "ಕೀಲಿ ಕೊಡಪ್ಪಾ" ಎಂದಾಗ ಆತ ಅಂಗೈಯಗಲದ ಬೀಗವನ್ನೇ ತಂದು ಮೇಜಿನ ಮೇಲಿಟ್ಟಿದ್ದ. ಚಾವಿ ಅವನ ಉಡದಾರದಲ್ಲೇ ಉಳಿದಿತ್ತು. ನಗುವ ಮಾತೇ ಇದು. ಆದರೆ ಹಳೆಯ ಮೋಟಾರು ಗಾಡಿಗಳ ಸುದ್ದಿ ಬಂದಾಗಲೆಲ್ಲ ನನಗೆ ಆ ಸಿಪಾಯಿ ನೆನಪಾಗುತ್ತಾನೆ. ಗಾಡಿಗೆ ಚಾವಿಯೇನೋ ಇದೆ, ಕೀಲಿ ಎಲ್ಲಿದೆ? ಮನೆಯ ಬಾಗಿಲಿಗೆ ಚಿಲಕ, ಅಗಳಿ, ಕೊಂಡಿ ಎಲ್ಲ ಇವೆ. ಟ್ರಂಕಿಗೆ ಪುಟ್ಟ ಬೀಗವಾದರೂ ಇದೆ. ಹಳೆಯ ಗಾಡಿಯಲ್ಲಿ ಚಾವಿ ತಿರುಗಿಸಿದರೆ ಯಾವ ಕಬ್ಬಿಣವೂ ಸರಿಯುವುದಿಲ್ಲ, ಒಳಗೆ ಎರಡು ತಂತಿಗಳು ಕೂಡುತ್ತವೆ, ಅಷ್ಟೆ. ಅವೇ ತಂತಿಗಳನ್ನು ಕಳ್ಳ ಬೆರಳಿನಿಂದ ಕೂಡಿಸಿದರೂ ಗಾಡಿ ಬೇಡವೆನ್ನುವುದಿಲ್ಲ.

ಈ ಕೊರತೆಯನ್ನು ತುಂಬಲು ನಮ್ಮ ಮನೆಯ ಅಂಬಾಸಿಡರಿಗೆ 1978ರಲ್ಲಿ ಒಂದು ಸ್ವಿಚ್ಚು ಹಾಕಿಸಿದರು. ಇಂಗ್ಲಿಷ್ ಬಲ್ಲವರು ಅದನ್ನು ಬ್ಯಾಟರಿ ಕಟಾಫ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಬ್ಯಾಟರಿ ಕೀಲಿ ಎಂದೇ ಹೆಸರು. ಅದರ ಕಥೆ ಹೇಳುವ ಮೊದಲು, ಗಾಡಿಗೆ ಕೀಲಿ ಬೇಕಾದದ್ದಾದರೂ ಯಾವಾಗ ಎಂಬುದನ್ನು ನೋಡಬೇಕು. ಮೊಟ್ಟಮೊದಲ ಗಾಡಿಗಳಿಗೆ ಅದು ಬೇಕಾಗಿರಲೇ ಇಲ್ಲ.

1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಮ್ಯಾನ್‌ಹೈಮ್ ಎಂಬ ಊರಿನಿಂದ ಬರ್ತಾ ಬೆಂಜ್ ಎಂಬಾಕೆ ತನ್ನ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಗಂಡ ಕಾರ್ಲ್ ಬೆಂಜ್ ಕಟ್ಟಿದ ಮೂರು ಗಾಲಿಯ ಮೋಟಾರನ್ನು ಹೊರಗೆ ತೆಗೆದಳು. ಗಂಡನಿಗೆ ಹೇಳಿರಲಿಲ್ಲ. ಪೋರ್ಟ್ಸ್‌ಹೈಮ್‌ನಲ್ಲಿದ್ದ ತವರಿಗೆ ಹೊರಟಿದ್ದಳು, ಸುಮಾರು 100 ಕಿಲೋಮೀಟರ್ ದಾರಿ. ದಾರಿಯಲ್ಲಿ ಇಂಧನ ತೀರಿತು. ವೀಸ್ಲೋಕ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಕಲೆ ತೆಗೆಯಲು ಮಾರುತ್ತಿದ್ದ ದ್ರವವನ್ನು ಕೊಂಡು ಸುರಿದಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೊಪ್ಪಿಗೆಯ ಪಿನ್ನಿನಿಂದ ತಿವಿದು ಬಿಡಿಸಿದಳು. ಜಗತ್ತಿನ ಮೊದಲ ದೂರದ ಮೋಟಾರು ಪ್ರಯಾಣ ಎಂದು ಇದನ್ನೇ ಹೇಳುತ್ತಾರೆ. ಕೇಳದೆ ಒಯ್ದ ಗಾಡಿಯಲ್ಲಿ ತವರಿಗೆ ಹೋದವಳಿಂದ ಮೋಟಾರಿನ ಚರಿತ್ರೆ ಆರಂಭವಾಯಿತಲ್ಲ ಎಂದು ನನಗೆ ಖುಷಿ. ಆ ಗಾಡಿಗೆ ಬೀಗವಿರಲಿಲ್ಲ. ಅದನ್ನು ಎಬ್ಬಿಸುವ ವಿದ್ಯೆ ಮನೆಯವರಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಆ ವಿದ್ಯೆಯೇ ಬೀಗವಾಗಿತ್ತು.

ಮುಂದೆ ಗಾಡಿಗಳು ಹೆಚ್ಚಾದರೂ ಒಂದು ಕಾವಲು ಉಳಿದಿತ್ತು, ಅದು ಮುಂದಿನ ಹ್ಯಾಂಡಲ್. ಅದನ್ನು ತೂರಿಸಿ ಬಲವಾಗಿ ತಿರುವಬೇಕು. ತಪ್ಪಿದರೆ ಹಿಂದಕ್ಕೆ ಹೊಡೆದು ಮುಂಗೈ ಮುರಿಯುತ್ತಿತ್ತು. ಕಳ್ಳನಿಗೂ ಮುಂಗೈ ಇರುತ್ತದಲ್ಲ! ಮೇಲಾಗಿ ಸದ್ದು, ಹೊತ್ತು, ಬೆವರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಗಾಡಿಯಲ್ಲಿ ಬಂದ ಮೇಲೆ ಈ ಕಷ್ಟ ತಪ್ಪಿತು. ಹ್ಯಾಂಡಲ್ ತಿರುವಲಾರದೆ ದೂರ ನಿಂತಿದ್ದ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಗಾಡಿ ಹತ್ತಲು ಈ ಸಾಧನ ನೆರವಾಯಿತು. ನಮಗೆ ಸುಲಭವಾದದ್ದು ಕಳ್ಳನಿಗೂ ಸುಲಭವಾಯಿತು. ಗುಂಡಿ ಒತ್ತಿದರೆ ಏಳುವ ಗಾಡಿ ಯಾರು ಒತ್ತಿದರೂ ಏಳುತ್ತದೆ. ಹೆನ್ರಿ ಫೋರ್ಡನ ಟಿ ಮಾಡೆಲ್ ಗಾಡಿಗಳಿಗೆ ಚಾವಿಯೇನೋ ಇತ್ತು, ಆದರೆ ಲಕ್ಷಾಂತರ ಗಾಡಿಗಳಿಗೆ ಕೆಲವೇ ನಮೂನೆಯ ಚಾವಿ. ಕದ್ದ ಗಾಡಿಯನ್ನು ರಾಜ್ಯದ ಗಡಿ ದಾಟಿಸುವುದು ಅಲ್ಲಿ ಎಷ್ಟು ಬೆಳೆಯಿತೆಂದರೆ 1919ರಲ್ಲಿ ಅದಕ್ಕಾಗಿಯೇ ಕೇಂದ್ರದ ಕಾನೂನು ಮಾಡಬೇಕಾಯಿತು. 1949ರಲ್ಲಿ ಕ್ರೈಸ್ಲರ್ ಕಂಪನಿ ಬೇರೆ ಗುಂಡಿಯನ್ನೂ ತೆಗೆದು, ಚಾವಿಯನ್ನೇ ತಿರುಗಿಸಿದರೆ ಗಾಡಿ ಏಳುವಂತೆ ಮಾಡಿತು. ಇಂದಿಗೂ ಬಹಳಷ್ಟು ಗಾಡಿಗಳಲ್ಲಿರುವ ರೂಢಿ ಅದೇ.

ಇನ್ನು ನಮ್ಮ ಊರು. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ ಊರೆಂದು, ವೀಳ್ಯದೆಲೆಯ ಊರೆಂದು, ಮೂರು ಭಾರಿ ದೊಡ್ಡಹುಣಸೆ ಮರಗಳ ಊರೆಂದು ಸವಣೂರನ್ನು ಹೊರಗಿನವರು ಬಲ್ಲರು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಇದು ನವಾಬರ ಪುಟ್ಟ ಸಂಸ್ಥಾನ. 1756ರಲ್ಲಿ ಪೇಶ್ವೆಯ ದಂಡೂ ಫ್ರೆಂಚರ ಬುಸ್ಸಿಯ ತೋಪುಗಳೂ ಕೂಡಿ ಈ ಊರನ್ನು ಮುತ್ತಿದ್ದು ಇತಿಹಾಸದ ಪುಸ್ತಕಗಳಲ್ಲಿದೆ. ಕೋಟೆ, ಅಗಸಿ, ಕಾವಲು ಎಲ್ಲದರ ರುಚಿ ಕಂಡ ಊರು. ಆದರೆ ನಾನು ಸೊಸೆಯಾಗಿ ಬಂದ 1976ರಲ್ಲಿ ಇಲ್ಲಿ ಯಾರೂ ಗಾಡಿಗೆ ಹೆದರಿ ಬೀಗ ಹಾಕುತ್ತಿರಲಿಲ್ಲ. ಊರಲ್ಲಿದ್ದ ಕಾರುಗಳನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಯಾವ ಗಾಡಿ ಯಾರದು, ಯಾಕೆ ಹೊರಟಿದೆ, ಬಾಣಂತಿಯನ್ನು ಕರೆತರಲಿಕ್ಕೋ ಕೋರ್ಟಿನ ತಾರೀಖಿಗೋ ಎಂಬುದು ಸಂತೆಯಲ್ಲಿ ಕೂತವರಿಗೂ ಗೊತ್ತು. ಕದ್ದವನು ಓಣಿಯ ತಿರುವು ದಾಟುವುದರೊಳಗೆ ಹತ್ತು ಜನ "ಸಾವಕಾರ್ರು ಎಲ್ಲಿ?" ಎಂದು ಕೇಳುತ್ತಿದ್ದರು.

ಹೆದರಿಕೆ ಇದ್ದದ್ದು ಹುಬ್ಬಳ್ಳಿಯಲ್ಲಿ. ನಮ್ಮ ಮಾವನವರದು ಎಲೆಯ ವ್ಯಾಪಾರ. ಎಲೆ ಒಂದು ದಿನ ತಡೆದರೆ ಹಳದಿಯಾಗುವ ಮಾಲು. ಅದಕ್ಕಾಗಿ ಎಲವಿಗಿ ಸ್ಟೇಶನ್ನಿಗೂ ಹುಬ್ಬಳ್ಳಿಗೂ ಓಡಾಟ ತಪ್ಪದು. 1966ರ ಅಂಬಾಸಿಡರೊಂದನ್ನು 1971ರಲ್ಲಿ ಅವರು ಕೈಬದಲಿ ಕೊಂಡಿದ್ದರು. ಎಂವೈ ಎಂದು ಆರಂಭವಾಗುವ ಹಳೆಯ ಮೈಸೂರು ರಾಜ್ಯದ ನಂಬರು. ಹೊಸ ಗಾಡಿ ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಕಲಕತ್ತೆಯ ಹತ್ತಿರ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್‌ನವರ ಅಂಬಾಸಿಡರು, ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್‌ನವರ ಫಿಯಾಟು, ಇವೆರಡನ್ನು ಬಿಟ್ಟರೆ ಸಾಮಾನ್ಯರ ಕಣ್ಣಿಗೆ ಬೀಳುತ್ತಿದ್ದ ಕಾರುಗಳು ಕಡಿಮೆ. ಆದ್ದರಿಂದ ಹಳೆಯ ಗಾಡಿಗೂ ಬೆಲೆ, ಅದರ ಬಿಡಿಭಾಗಕ್ಕೂ ಬೆಲೆ. ದುರ್ಗದಬೈಲಿನ ಹತ್ತಿರ ಗಾಡಿ ನಿಲ್ಲಿಸಿ ಪೇಟೆಗೆ ಹೋದರೆ ಮರಳುವಾಗ ಅದು ಇರುತ್ತದೆಂಬ ಭರವಸೆ ಇರಲಿಲ್ಲ. ಪಕ್ಕದಲ್ಲೇ ನಾಲ್ಕನೆಯ ನಂಬರಿನ ಹೆದ್ದಾರಿ, ಈಗ ಅದಕ್ಕೆ 48 ಎನ್ನುತ್ತಾರೆ. ಸಂಜೆ ಎತ್ತಿದ ಗಾಡಿ ಬೆಳಗಾಗುವುದರೊಳಗೆ ಮಹಾರಾಷ್ಟ್ರದಲ್ಲಿ. ಚಾವಿಯ ಮಾತಂತೂ ಕೇಳಬೇಡಿ. ಸವೆದ ಅಂಬಾಸಿಡರಿನ ಬಾಗಿಲು ಇನ್ನೊಂದು ಅಂಬಾಸಿಡರಿನ ಚಾವಿಗೆ ತೆರೆಯುವುದನ್ನು ನಾನೇ ಕಂಡಿದ್ದೇನೆ. ಮದುವೆ ಮನೆಯ ಮುಂದೆ ಬೀಗರ ಗಾಡಿಯೊಳಗೆ ಕುಳಿತು "ಇದೇನ, ಸೀಟಿನ ಬಟ್ಟಿ ಬದಲಾಗೇತಲ್ಲ" ಎಂದವರುಂಟು.

ಆಗಿನ ಡ್ರೈವರುಗಳು ಮಾಡುತ್ತಿದ್ದ ಉಪಾಯ ಬೇರೆ. ಬಾನೆಟ್ಟು ಎತ್ತಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ರೋಟರನ್ನು ಕಿತ್ತು ಕಿಸೆಗೆ ಹಾಕಿಕೊಳ್ಳುವುದು. ಹೆಬ್ಬೆರಳ ಗಾತ್ರದ ಸಾಮಾನು ಅದು. ಅದಿಲ್ಲದೆ ಕಿಡಿ ಹತ್ತಬೇಕಾದಲ್ಲಿ ಹತ್ತುವುದಿಲ್ಲ. ಇದು ನಮ್ಮವರ ಕಿಲಾಡಿತನ ಎಂದೇ ತಿಳಿದಿದ್ದೆ. ಆದರೆ 1940ರಲ್ಲಿ, ಹಿಟ್ಲರನ ದಂಡು ಇಳಿದೀತೆಂಬ ಭಯದಲ್ಲಿ, ಬ್ರಿಟನ್ನಿನ ಸರ್ಕಾರವೇ ಜನರಿಗೆ ಕಡ್ಡಾಯ ಮಾಡಿತ್ತಂತೆ: ನಿಲ್ಲಿಸಿ ಹೋಗುವ ಗಾಡಿ ಶತ್ರುವಿಗೆ ಉಪಯೋಗವಾಗದಂತೆ ಅದರ ಭಾಗವೊಂದನ್ನು ಕಳಚಿಡಬೇಕು. ಬಹಳ ಜನ ಕಳಚುತ್ತಿದ್ದದ್ದು ಈ ರೋಟರನ್ನೇ.

ನಮ್ಮ ಮಾವನವರೂ ಅದನ್ನೇ ಮಾಡುತ್ತಿದ್ದರು. ಕೋಟಿನ ಕಿಸೆಗೆ ಎಣ್ಣೆ ಹತ್ತುತ್ತದೆಂದು ಅದನ್ನು ಎಲೆಡಿಕೆಯ ಡಬ್ಬಿಯಲ್ಲಿ ಇಡತೊಡಗಿದರು. ಸವಣೂರಿನ ಎಲೆ ವ್ಯಾಪಾರಿಯ ಡಬ್ಬಿ ಎಂದರೆ ತಿಳಿಯಿತಲ್ಲ: ಸುಣ್ಣ, ಕಾಚು, ಲವಂಗ, ಅದರ ನಡುವೆ ಅಂಬಾಸಿಡರಿನ ರೋಟರು. ಒಂದು ದಿನ ಸುಣ್ಣದ ಕಾಯಿ ಸೋರಿ ರೋಟರಿನ ಹಿತ್ತಾಳೆಯ ತುದಿಗೆ ಮೆತ್ತಿಕೊಂಡಿತು. ಗಾಡಿ ಏಳಲಿಲ್ಲ. ಎಲೆಯ ಬುಟ್ಟಿಗಳು ಗಾಡಿಯಲ್ಲೇ ಬೆಂದವು. ಆ ವಾರವೇ ಹುಬ್ಬಳ್ಳಿಯ ಮಿಸ್ತ್ರಿಯೊಬ್ಬರ ಹತ್ತಿರ ಹೋದರು. ಆತ ಹಳೆಯ ಲಾರಿಯಿಂದ ತೆಗೆದ ದಪ್ಪ ಸ್ವಿಚ್ಚೊಂದನ್ನು ಉಜ್ಜಿ ಹಾಕಿಕೊಟ್ಟರು.

ಅದು ಹೇಗೆ ಕೆಲಸ ಮಾಡುತ್ತದೆಂಬುದು ನಮಗೆ ಹೆಂಗಸರಿಗೆ ತಿಳಿಯದ ವಿಷಯವೇನಲ್ಲ. ಮನೆಯಲ್ಲಿ ಹತ್ತು ದೀಪಗಳಿಗೆ ಹತ್ತು ಸ್ವಿಚ್ಚು ಇದ್ದರೂ ಮೀಟರಿನ ಹತ್ತಿರ ಒಂದು ಮೇನ್ ಸ್ವಿಚ್ಚು ಇರುತ್ತದೆ. ಅದನ್ನು ಇಳಿಸಿದರೆ ಉಳಿದವನ್ನು ಎಷ್ಟು ಒತ್ತಿದರೂ ವ್ಯರ್ಥ. ಗಾಡಿಯ ಚಾವಿ ಒಳಮನೆಯ ಸ್ವಿಚ್ಚಿದ್ದಂತೆ, ಬ್ಯಾಟರಿ ಕೀಲಿ ಮೇನಿದ್ದಂತೆ. ಬ್ಯಾಟರಿಯ ಒಂದು ತುದಿಯಿಂದ ದಪ್ಪ ತಂತಿ ಹೊರಟು ಗಾಡಿಯ ಮೈಗೇ ಕಟ್ಟಿರುತ್ತದೆ. ಇಡೀ ಕಬ್ಬಿಣದ ಮೈಯೇ ಮರಳುವ ದಾರಿ. ಆ ತಂತಿಯ ನಡುವೆ ಸ್ವಿಚ್ಚು ಕೂಡಿಸುತ್ತಾರೆ. ಇನ್ನೊಂದು ತುದಿಗೂ ಕೂಡಿಸಬಹುದು, ಆದರೆ ಪಾನೆ ಜಾರಿ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಮೈಗೆ ಕಟ್ಟಿದ ತಂತಿಗೆ ಆ ಅಪಾಯವಿಲ್ಲ. ಸ್ಟಾರ್ಟರು ಗಾಡಿಯನ್ನು ಎಬ್ಬಿಸುವ ಆ ಎರಡು ಕ್ಷಣ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ, ಮನೆಯ ದೀಪದ ಸ್ವಿಚ್ಚು ಹಾಕಿದರೆ ಕರಗಿಹೋದೀತು. ಅದಕ್ಕೇ ಮಿಸ್ತ್ರಿ ಲಾರಿಯದನ್ನು ಹುಡುಕಿದ್ದು.

ಇದನ್ನು ಆರಿಸಿಟ್ಟ ಪೆಟ್ರೋಲ್ ಅಂಬಾಸಿಡರಿನ ಡ್ಯಾಶ್‌ಬೋರ್ಡಿನ ಹಿಂದೆ ಕಳ್ಳ ಎಷ್ಟು ತಂತಿ ಕೂಡಿಸಿದರೂ ಕೆಂಪು ದೀಪವೂ ಮಿಣುಕುವುದಿಲ್ಲ. ಹ್ಯಾಂಡಲ್ ತಿರುವಿದರೂ ಕಿಡಿಯಿಲ್ಲ. ಬ್ಯಾಟರಿ ಸತ್ತ ಗಾಡಿ ಎಂದುಕೊಂಡು ಪಕ್ಕದ ಗಾಡಿಗೆ ಹೋಗುತ್ತಾನೆ. ಕಳ್ಳನಿಗೆ ಬೀಗ ಕಂಡರೆ ಒಡೆಯುವ ಹಟ ಹುಟ್ಟುತ್ತದೆ, ಕೆಟ್ಟ ಗಾಡಿ ಕಂಡರೆ ಬೇಸರ ಹುಟ್ಟುತ್ತದೆ. ಈ ಸ್ವಿಚ್ಚಿನ ಶಕ್ತಿ ಇರುವುದು ಆ ಬೇಸರದಲ್ಲಿ. ಆದ್ದರಿಂದಲೇ ಅದು ಕಣ್ಣಿಗೆ ಬೀಳಬಾರದು. ಬಾನೆಟ್ಟಿನ ಕೆಳಗೆ ಬ್ಯಾಟರಿಯ ತಲೆಗೇ ಬಣ್ಣದ ತಿರುಪು ಹಾಕಿಸಿಕೊಂಡವರಿದ್ದಾರೆ. ಬಾನೆಟ್ಟು ಎತ್ತಿದವನಿಗೆ ಅದು ಮೊದಲು ಕಾಣುತ್ತದೆ. ಆ ತಿರುಪನ್ನು ಕಳಚಿ ಮನೆಗೆ ಒಯ್ದರೂ ಒಂದು ತುಂಡು ತಂತಿಯಿಂದ ಕೆಲಸ ಸಾಗಿಸಿಯಾನು.

ಡೀಸೆಲ್ ಗಾಡಿಯ ಮಾತು ಬೇರೆ. ಹಳೆಯ ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಒಮ್ಮೆ ಎದ್ದಿತೆಂದರೆ ಬ್ಯಾಟರಿಯ ಹಂಗಿಲ್ಲದೆ ಓಡುತ್ತದೆ. ಬ್ಯಾಟರಿ ಕೀಲಿ ಹಾಕಿದರೆ ಸ್ಟಾರ್ಟರಿಗೆ ಮಾತ್ರ ತಡೆ. ನಮ್ಮ ಕಡೆಯ ಬಿಸಿಲಿನಲ್ಲಿ ಇಬ್ಬರು ಗಟ್ಟಿಯಾಗಿ ನೂಕಿದರೆ ಇಳಿಜಾರಿನಲ್ಲಿ ಎದ್ದುಬಿಡುತ್ತದೆ. ಡೀಸೆಲ್ ಗಾಡಿಗೆ ಈ ಸ್ವಿಚ್ಚು ಹಾಕಿಸಿ ನಿಶ್ಚಿಂತೆಯಿಂದ ಮಲಗಿದವರನ್ನು ಕಂಡರೆ ನನಗೆ ಅಯ್ಯೋ ಎನಿಸುತ್ತದೆ. ಇನ್ನು ಬ್ಯಾಟರಿಯನ್ನೇ ಕದಿಯುವವನಿಗೆ ಈ ಕೀಲಿಯಿಂದ ಏನೂ ತಡೆಯಿಲ್ಲ. ನಮ್ಮ ಓಣಿಯ ವಕೀಲರ ಫಿಯಾಟಿಗೂ ನಮ್ಮದನ್ನು ನೋಡಿಯೇ ಸ್ವಿಚ್ಚು ಹಾಕಿಸಿದ್ದರು. ಕಳ್ಳ ಬಂದವನು ಗಾಡಿ ಏಳದ್ದಕ್ಕೆ ಬ್ಯಾಟರಿಯನ್ನು ಕಿತ್ತುಕೊಂಡು ಹೋದ. ಸೀಸಕ್ಕೆ ಗುಜರಿಯಲ್ಲಿ ಯಾವಾಗಲೂ ಗಿರಾಕಿ. ವಕೀಲರ ಹೆಂಡತಿ ಮರುದಿನ "ಸ್ವಿಚ್ಚು ಬಿಟ್ಟು ಹೋಗ್ಯಾನ, ಪುಣ್ಯಾತ್ಮ" ಎಂದರು.

ನಮ್ಮ ಗಾಡಿಯ ಸ್ವಿಚ್ಚು ಎಲ್ಲಿದೆ ಎಂಬುದನ್ನು ಮಾವನವರು ಯಾರಿಗೂ ಹೇಳಿರಲಿಲ್ಲ. ಡ್ರೈವರನಿಗೂ ಇಲ್ಲ, ಗಾಡಿಯನ್ನು ಅವರೇ ನಡೆಸುತ್ತಿದ್ದರು. ನನ್ನ ಯಜಮಾನರು ಆಗ ಹೊರಗಿನ ಊರಲ್ಲಿ ನೌಕರಿಯಲ್ಲಿದ್ದವರು, ಗಾಡಿ ಕಲಿತಿದ್ದರೂ ಅಪ್ಪನ ಗಾಡಿ ಮುಟ್ಟುವ ಧೈರ್ಯವಿರಲಿಲ್ಲ. ನಮ್ಮ ಅತ್ತೆಯವರಿಗೆ ಹಿಂದೆ ಕೂತರೆ ವಾಂತಿ, ಆದ್ದರಿಂದ ಅವರು ಯಾವಾಗಲೂ ಮುಂದೆ, ಎಡಗಡೆಗೆ. ಗಾಡಿ ನಿಂತ ಮೇಲೆ ನಾವೆಲ್ಲ ಇಳಿದು ನಿಂತರೂ ಅವರು ಮಾತ್ರ ಬಗ್ಗಿ ಕಾಲ ಬಳಿ ಏನನ್ನೋ ತಡವುತ್ತ, ಸೆರಗು ಸರಿಮಾಡುತ್ತ, ಚೀಲ ಎತ್ತಿಕೊಳ್ಳುತ್ತ ಒಂದು ಗಳಿಗೆ ತಡ ಮಾಡುತ್ತಿದ್ದರು. "ಅವ್ವಂದು ಯಾವಾಗಲೂ ತಡಾ" ಎಂದು ಮಕ್ಕಳು ಸಿಡುಕುತ್ತಿದ್ದವು.

ಮಾವನವರು 1991ರಲ್ಲಿ ತೀರಿಕೊಂಡರು, ಎರಡು ದಿನದ ಜ್ವರ, ಏನನ್ನೂ ಹೇಳಿ ಹೋಗಲು ಹೊತ್ತಿರಲಿಲ್ಲ. ತಿಂಗಳು ಕಳೆದ ಮೇಲೆ ವ್ಯಾಪಾರದ ಸಾಲದ ಲೆಕ್ಕ ಬಂತು. ಗಾಡಿ ಮಾರುವುದೆಂದಾಯಿತು. ಹಾವೇರಿಯಿಂದ ದಲಾಲಿಯೊಬ್ಬ ಬಂದ. ಚಾವಿ ತಿರುಗಿಸಿದ, ಸದ್ದಿಲ್ಲ. ಹ್ಯಾಂಡಲ್ ಹಾಕಿದ, ಇಲ್ಲ. ಬಾನೆಟ್ಟು ಎತ್ತಿ ನೋಡಿ ತಲೆಯಾಡಿಸಿದ. "ಗಾಡಿ ಸತ್ತದ ಸಾಹೇಬ್ರ. ಗುಜರಿ ರೇಟಿಗೆ ಕೊಡೂದಾದ್ರ ಇವತ್ತ ಎಳಕೊಂಡು ಹೋಗ್ತೀನಿ" ಎಂದು ರೂಪಾಯಿಯ ಲೆಕ್ಕ ಹೇಳಿದ. ಅವನು ಮೋಸ ಮಾಡುತ್ತಿದ್ದನೆಂದು ನಾನು ಹೇಳಲಾರೆ. ನಿಜಕ್ಕೂ ಅವನಿಗೆ ಅದು ಸತ್ತ ಗಾಡಿಯಾಗಿಯೇ ಕಂಡಿತ್ತು. ಯಜಮಾನರು ಒಪ್ಪುವ ಹಾಗಿದ್ದರು. ತಾವೂ ಎರಡು ದಿನ ಗುದ್ದಾಡಿ ಸೋತಿದ್ದರು. ಸ್ವಿಚ್ಚೊಂದಿದೆ ಎಂದು ಗೊತ್ತು, ಸೀಟಿನಡಿ, ಬಾನೆಟ್ಟಿನಡಿ, ಡಿಕ್ಕಿಯಲ್ಲಿ ಹುಡುಕಿಯೂ ಆಗಿತ್ತು. ಅತ್ತೆಯವರನ್ನು ಮಾತ್ರ ಯಾರೂ ಕೇಳಿರಲಿಲ್ಲ, ನಾನೂ ಸೇರಿ. ಸೂತಕದ ಮನೆಯಲ್ಲಿ ಅವರನ್ನು ಗಾಡಿಯ ವಿಷಯ ಕೇಳುವುದೆಂದು ಯಾರಿಗೂ ತೋಚಿರಲಿಲ್ಲ.

ಪಡಸಾಲೆಯ ಕಂಬದ ಹಿಂದೆ ನಿಂತು ಅವರು ಎಲ್ಲ ಕೇಳುತ್ತಿದ್ದರು. "ತಡೀರಿ ಅಣ್ಣಾರ" ಎಂದರು. ಹೊರಗೆ ಬಂದು, ತಮ್ಮ ಎಂದಿನ ಜಾಗದಲ್ಲಿ ಕೂತು, ಬಗ್ಗಿ, ಡ್ಯಾಶ್‌ಬೋರ್ಡಿನ ಕೆಳಗಿನ ಕರಿ ರೆಕ್ಸಿನ್ನಿನ ಹಿಂದೆ ಕೈ ಹಾಕಿದರು. ಟಕ್ ಎಂದಿತು. "ಈಗ ನೋಡು ತಮ್ಮಾ" ಎಂದು ಮಗನಿಗೆ ಹೇಳಿದರು. ನಾಲ್ಕು ಸಲ ಕೆಮ್ಮಿ ಗಾಡಿ ಎದ್ದಿತು. ತಿಂಗಳ ಮೇಲೆ ನಿಂತರೂ ಬ್ಯಾಟರಿಯಲ್ಲಿ ಜೀವವಿತ್ತು. ಈ ಕೀಲಿಯ ಇನ್ನೊಂದು ಗುಣ ಅದು, ಗಡಿಯಾರ, ಹಳೆಯ ಸವೆದ ತಂತಿ ಯಾವುದೂ ಒಳಗೊಳಗೇ ಕರೆಂಟು ಕುಡಿಯದಂತೆ ತಡೆಯುತ್ತದೆ. ದಲಾಲಿ ರೇಟು ಮೂರು ಪಟ್ಟು ಮಾಡಿದ. "ಮಾರೂದಿಲ್ಲ" ಎಂದು ಅತ್ತೆಯವರೇ ಹೇಳಿದರು. ಸಾಲಕ್ಕೆ ಅವರ ಪಾಟಲಿ ಹೋದವು. ಆ ಲೆಕ್ಕ ಸರಿಯೇ ತಪ್ಪೇ ಎಂದು ನನ್ನ ಯಜಮಾನರು ಇಂದಿಗೂ ಗೊಣಗುತ್ತಾರೆ. ಬಂಗಾರದ ದರ ಏರಿದಾಗಲೆಲ್ಲ ಹೆಚ್ಚು. ಆಮೇಲೆ ಒಂದು ದಿನ ಅಡಿಗೆಮನೆಯಲ್ಲಿ ನಾನು ಕೇಳಿದೆ, "ಅತ್ತಿ, ನೀವು ಯಾಕ ಹೇಳಲಿಲ್ಲರಿ ಇಷ್ಟು ದಿನಾ?" ರೊಟ್ಟಿ ಬಡಿಯುತ್ತಲೇ ಅವರು, "ಯಾರ ಕೇಳಿದ್ರವಾ?" ಎಂದರು. ಹದಿಮೂರು ವರ್ಷ, ಪ್ರತಿ ಸಲ ಆ ಕೀಲಿ ಹಾಕಿ ತೆಗೆದವರು ಅವರು.

ಈಚಿನ ಗಾಡಿಗಳ ಚಾವಿಯ ಹಿಡಿಕೆಯೊಳಗೆ ಒಂದು ಚಿಪ್ಪಿರುತ್ತದೆ. ಗಾಡಿಯ ಒಳಗಿನ ಯಂತ್ರ ಅದರ ಗುಟ್ಟಿನ ಸಂಖ್ಯೆಯನ್ನು ಗುರುತಿಸಿದರೆ ಮಾತ್ರ ಎಂಜಿನ್ನಿಗೆ ಅಪ್ಪಣೆ. ಇಮ್ಮೊಬಿಲೈಸರ್ ಎಂದು ಹೆಸರು. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯ. ಅಲ್ಲಿ ಕಳವು ಬಹಳ ಇಳಿಯಿತು, ಆದರೆ ಕಳ್ಳರಲ್ಲಿ ಕೆಲವರ ಕಣ್ಣು ಚಿಪ್ಪಿಲ್ಲದ ಹಳೆಯ ಗಾಡಿಗಳತ್ತ ಹೊರಳಿತು. ಇನ್ನೂ ಹೊಸದಾದ, ಚಾವಿಯನ್ನು ಕಿಸೆಯಿಂದ ತೆಗೆಯದೆಯೇ ಏಳುವ ಗಾಡಿಗಳ ಪಾಡು ತಮಾಷೆಯದು. ಮನೆಯೊಳಗೆ ಗೂಟಕ್ಕೆ ತೂಗಿದ ಚಾವಿಯ ಸಂಕೇತವನ್ನು ಹೊರಗೆ ನಿಂತ ಇಬ್ಬರು ಯಂತ್ರದಿಂದ ಎಳೆದುಕೊಂಡು, ಗಾಡಿಗೆ ಚಾವಿ ಹತ್ತಿರವೇ ಇದೆ ಎಂಬ ಭ್ರಮೆ ಹುಟ್ಟಿಸಿ ಒಯ್ಯುತ್ತಾರೆ. ಅದಕ್ಕೆ ಹೆದರಿ ಲಕ್ಷಾಂತರ ಬೆಲೆಯ ಗಾಡಿಯವರು ಚಾವಿಯನ್ನು ತಗಡಿನ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದಾರಂತೆ. ಎಲೆಡಿಕೆಯ ಡಬ್ಬಿಯಾದರೂ ನಡೆದೀತು, ಸುಣ್ಣ ಸೋರದಿದ್ದರೆ.

ಅಂಬಾಸಿಡರು 2014ರಲ್ಲಿ ನಿಂತಿತು. ಮುಂಬಯಿಯ ಕರಿ ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ನಿನ್ನೆ ಮೊನ್ನೆಯ ಬಾಡಿಗೆ ಗಾಡಿಗಳು ಈಗ ಪುರಾತನ ವಸ್ತುಗಳು. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ನೋಡಿರುತ್ತೀರಿ. ಬಟ್ಟೆ ಸುತ್ತಿದ ಹಳೆಯ ತಂತಿಗಳ ಗಾಡಿ ಯಾರ ಮನೆಯಲ್ಲಿ ನಿಂತಿದ್ದರೂ ಬ್ಯಾಟರಿ ಕೀಲಿ ಇರುವುದು ಒಳ್ಳೆಯದು. ಇಲಿ ಕಡಿದ ತಂತಿಯಿಂದ ಬೆಂಕಿ ಹತ್ತುವ ಭಯ ಕಳ್ಳನ ಭಯಕ್ಕಿಂತ ಕಡಿಮೆಯದಲ್ಲ.

ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಹಳೆಯ ಗಾಡಿಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲರೂಪದಲ್ಲಿರಬೇಕು, ನಂಬರಿನಲ್ಲಿ ವಿಎ ಎಂಬ ಅಕ್ಷರಗಳು, 20,000 ರೂಪಾಯಿ ಶುಲ್ಕ. ಪ್ರದರ್ಶನ, ರ‍್ಯಾಲಿಗಳಿಗೆ ಒಯ್ಯಬಹುದು, ದಿನದ ಓಡಾಟಕ್ಕಿಲ್ಲ. ನಮ್ಮ 1966ರ ಗಾಡಿಗೆ ವಯಸ್ಸಿನ ಅಡ್ಡಿಯಿಲ್ಲ. ಮಗ ಅರ್ಜಿಯ ಕಾಗದ ತಂದಿಟ್ಟಿದ್ದಾನೆ. ಮೂಲರೂಪ ಎಂದಿದ್ದಾರಲ್ಲ, ಲಾರಿಯ ಸ್ವಿಚ್ಚು ಕಂಡರೆ ಏನೆಂದಾರು ಎಂಬ ಅನುಮಾನ ಅವನದು. ಗಾಡಿಯ ಮೈಗೆ ಒಂದು ತೂತನ್ನೂ ಕೊರೆಯದೆ, ಇದ್ದ ತಿರುಪಿಗೇ ಪಟ್ಟಿ ಕಟ್ಟಿ ಆ ಮಿಸ್ತ್ರಿ ಅದನ್ನು ಕೂಡಿಸಿದ್ದರು. ಎರಡು ನಟ್ಟು ಬಿಚ್ಚಿದರೆ ಗುರುತೂ ಉಳಿಯುವುದಿಲ್ಲ. ಬಿಚ್ಚಬೇಕಾಗಿ ಬಂದರೆ ಪಾನೆಯ ಅಳತೆ ಎಷ್ಟೆಂದು ಸೊಸೆಗೆ ತೋರಿಸಿದ್ದೇನೆ.